ಕಟ್ಟಿಟ್ಟ ದುಡ್ಡು, ಅಮಾನತಿನ ಶಿಕ್ಷೆ

ಹೆಸರು ಹೇಳುವುದಿಲ್ಲ, ಪಂಚಾಯತಿನ ಹೆಸರೂ ಬೇಡ. ಮೊತ್ತವನ್ನೂ ಮನೆಯ ವಿವರಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ದಿನಗಳ ಲೆಕ್ಕ ಮಾತ್ರ ನಡೆದ ಹಾಗೆಯೇ ಇದೆ, ಈ ಪ್ರಕರಣದ ಜೀವ ಇರುವುದೇ ಅದರಲ್ಲಿ.

ನಾನು ವಕೀಲನಲ್ಲ. ಕಾಸರಗೋಡಿನ ಉತ್ತರದ ಕಡೆಯ ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕನ್ನಡ ಮೀಡಿಯಂ ಓದಿದ ಹಳಬರಿಗೆ ಇಂಗ್ಲಿಷಿನ, ಮಲಯಾಳದ ಕಾಗದ ಬಂದರೆ ಓದಿ ಹೇಳುತ್ತೇನೆ, ಅರ್ಜಿ ಬರೆದು ಕೊಡುತ್ತೇನೆ. ಹಾಗೆ ಬಂದ ಕಥೆ ಇದು. ಇದರಲ್ಲಿ ನಿಜವಾಗಿ ತಪ್ಪು ಮಾಡಿದವರು ಯಾರೂ ಇಲ್ಲ. ಒಬ್ಬರು ಹೇಳಿದ ಮಾತು ಇನ್ನೊಬ್ಬರ ಕಿವಿಗೆ ಬೇರೆಯಾಗಿ ಬಿತ್ತು, ಅಷ್ಟೇ.

ಅವರನ್ನು ಮಾವ ಅಂತ ಕರೆಯುತ್ತೇನೆ. ಅರುವತ್ತು ದಾಟಿದವರು, ಎರಡೆಕರೆ ಅಡಿಕೆ ತೋಟ. ಅಕ್ಕನ ಮಗನೊಬ್ಬ ವ್ಯಾಪಾರಕ್ಕೆ ಸಾಲ ಎತ್ತಿದಾಗ ಜಾಮೀನಿಗೆ ಅಂತ ಒಂದು ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದರು. ಸಾಲ ತೀರಲಿಲ್ಲ. ಸಾಲ ಕೊಟ್ಟವರು 4 ಲಕ್ಷ ರೂಪಾಯಿ ಬರೆದು ಚೆಕ್ಕನ್ನು ಬ್ಯಾಂಕಿಗೆ ಹಾಕಿದರು, ಅದು ತಿರುಗಿ ಬಂತು. ವಕೀಲರ ನೋಟಿಸು ಇಂಗ್ಲಿಷಿನಲ್ಲಿ ಬಂತು, ಮಾವ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು. ನೋಟಿಸು ಕೈಗೆ ಬಂದ 15 ದಿನದೊಳಗೆ ಹಣ ಕೊಟ್ಟರೆ ಕೇಸೇ ಇಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಚೆಕ್ಕು ಕೊಟ್ಟದ್ದು ಬರೀ ಜಾಮೀನಿಗೆ ಅನ್ನುವ ಮಾತೂ ಕೋರ್ಟಿನಲ್ಲಿ ಅಷ್ಟಾಗಿ ನಡೆಯಲಿಲ್ಲ. ಸಾಲ ಬಾಕಿ ಇದ್ದರೆ ಆ ಒಂದು ಮಾತು ರಕ್ಷಣೆ ಆಗುವುದಿಲ್ಲ. 2024ರ ಮಾರ್ಚಿನಲ್ಲಿ ತೀರ್ಪು ಬಂತು: ಮೂರು ತಿಂಗಳ ಸಾದಾ ಸಜೆ, 4 ಲಕ್ಷ ಪರಿಹಾರ, ಪರಿಹಾರ ಕೊಡದಿದ್ದರೆ ಇನ್ನೆರಡು ತಿಂಗಳು.

ಅವತ್ತೇ ಮಾವ ಮನೆಗೆ ಬಂದರು. ಊರಿಗೆ ಅದೇ ಆಶ್ಚರ್ಯ. ಸಜೆ ಆದವನು ಸಂಜೆಯ ಬಸ್ಸಿಗೆ ಬಂದು ಇಳಿದರೆ ಜನ ಏನು ಅಂದುಕೊಳ್ಳಬೇಕು?

ಕಾನೂನಿನಲ್ಲಿ ಅದಕ್ಕೆ ದಾರಿ ಇದೆ. ಜಾಮೀನಿನ ಮೇಲೆ ಹೊರಗಿದ್ದವನಿಗೆ ಮೂರು ವರ್ಷದೊಳಗಿನ ಸಜೆ ಆದರೆ, ಅಪೀಲು ಹಾಕುವಷ್ಟು ಸಮಯಕ್ಕೆ ಅದೇ ಕೋರ್ಟು ಅವನನ್ನು ಬಿಡಬೇಕು, ಬಿಡದಿರಲು ವಿಶೇಷ ಕಾರಣ ಇಲ್ಲದಿದ್ದರೆ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 389ನೇ ಕಲಮು. ಅಷ್ಟು ದಿನ ಶಿಕ್ಷೆ ಅಮಾನತಿನಲ್ಲಿ ಇರುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ. ಅದರೊಳಗೆ ಅಪೀಲು ಹಾಕಿದರು. ವಿಷು ಕಳೆದ ಮೂರನೇ ದಿನ, ಏಪ್ರಿಲ್ 17ಕ್ಕೆ, ಸೆಷನ್ಸ್ ಕೋರ್ಟು ಅಪೀಲು ಮುಗಿಯುವ ತನಕ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಇಬ್ಬರು ಜಾಮೀನುದಾರರು ಬೇಕು ಅಂದದ್ದಕ್ಕೆ ಭಾವ ಒಬ್ಬರು, ನೆರೆಮನೆಯವರು ಒಬ್ಬರು ಜಾಗದ ತೀರ್ವೆ (ಕಂದಾಯ) ರಶೀದಿ ಹಿಡಿದುಕೊಂಡು ಹೋಗಿ ನಿಂತರು.

ಜೊತೆಗೆ ಇನ್ನೊಂದು ಷರತ್ತು ಇತ್ತು. ಪರಿಹಾರದ ನೂರಕ್ಕೆ 20 ಪಾಲು, ಅಂದರೆ 80 ಸಾವಿರ, 60 ದಿನದೊಳಗೆ ಕೋರ್ಟಿನಲ್ಲಿ ಠೇವಣಿ ಇಡಬೇಕು. ಇಡದಿದ್ದರೆ ಅಮಾನತು ಹೋಯಿತು. ಚೆಕ್ ಕೇಸುಗಳಿಗೆ ಈ ನಿಯಮ ಬಂದದ್ದು 2018ರ ಸೆಪ್ಟೆಂಬರ್ 1ರಿಂದ, ಅದು ಚೆಕ್ಕಿನ ಕಾಯ್ದೆಯ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್) 148ನೇ ಕಲಮು. ಅಪೀಲು ಹಾಕಿ ವರ್ಷಗಟ್ಟಲೆ ಎಳೆಯುವವರು ಜಾಸ್ತಿಯಾದ್ದರಿಂದ ತಂದದ್ದು.

ಆ ದಿನ ಕೋರ್ಟಿನ ವರಾಂಡದಲ್ಲಿ ನಿಂತು ವಕೀಲರ ಗುಮಾಸ್ತ ಮಾವನಿಗೆ ಮೂರು ಮಾತು ಹೇಳಿದ. ಒಳ್ಳೆ ಹುಡುಗ, ಅವಸರದಲ್ಲಿದ್ದ, ಮಲಯಾಳದಲ್ಲಿ ಹೇಳಿದ. ಮಾವನಿಗೆ ಪೇಟೆಯಲ್ಲಿ ಸಾಮಾನು ತರುವಷ್ಟು ಮಲಯಾಳ ಗೊತ್ತು. ಗುಮಾಸ್ತ ಹೇಳಿದ್ದು ಇಷ್ಟು: 'ಶಿಕ್ಷ ಸಸ್ಪೆಂಡ್ ಚೆಯ್ದು, ಇನಿ ಪೇಡಿಕ್ಕೇಂಡ', ಅಂದರೆ ಇನ್ನು ಹೆದರಬೇಡಿ. ಮತ್ತೆ, 'ಅರುವತ್ತು ದಿವಸತ್ತೆ ಅವಧಿ ಉಂಡ್.' ಕೊನೆಗೆ, 'ಎಂಬತ್ತಾಯಿರಂ ಕೆಟ್ಟಿವೆಕ್ಕಣಂ.'

ಮೂರಕ್ಕೆ ಮೂರೂ ಮಾವನ ಕಿವಿಯಲ್ಲಿ ಬೇರೆಯೇ ಆದವು.

ಮೊದಲನೆಯದು 'ಸಸ್ಪೆಂಡ್'. ಮಾವನಿಗೆ ಆ ಶಬ್ದ ಗೊತ್ತಿತ್ತು, ಊರಿನ ಒಬ್ಬ ವಿಲೇಜ್ ಆಫೀಸಿನವರು ಸಸ್ಪೆಂಡ್ ಆಗಿದ್ದರು, ಮತ್ತೆ ಆ ಕುರ್ಚಿಯಲ್ಲಿ ಅವರು ಕಾಣಲೇ ಇಲ್ಲ. ಹಾಗಾದರೆ ಶಿಕ್ಷೆಯೂ ಹೋಯಿತು, ಅಲ್ವಾ? ಮನೆಗೆ ಬಂದು 'ಶಿಕ್ಷೆ ರದ್ದಾಯಿತು' ಅಂದರು. ಅತ್ತೆ ಮಧೂರು ಗಣಪತಿಗೆ ಹೇಳಿಕೊಂಡಿದ್ದ ಅಪ್ಪದ ಹರಕೆಯನ್ನು ಆ ವಾರವೇ ತೀರಿಸಿದರು. ದೇವರ ಲೆಕ್ಕದಲ್ಲೂ ಕೇಸು ಮುಗಿಯಿತು.

ಎರಡನೆಯದು 'ಅವಧಿ'. ಕನ್ನಡದಲ್ಲಿ ಅವಧಿ ಅಂದರೆ ಒಂದು ಕೆಲಸಕ್ಕೆ ಕೊಟ್ಟ ಕಾಲ. ಮಲಯಾಳದಲ್ಲಿ ಅದಕ್ಕೆ ರಜೆ ಅನ್ನುವ ಅರ್ಥವೂ ಇದೆ, ಮುಂದೂಡಿದ ದಿನ ಅನ್ನುವ ಅರ್ಥವೂ ಇದೆ. ಕಾಸರಗೋಡಿನಲ್ಲಿ ಶಾಲೆಗೆ ಅವಧಿ ಅಂದರೆ ರಜೆ ಅಂತ ಮಕ್ಕಳಿಗೂ ಗೊತ್ತು. ಗುಮಾಸ್ತ ಹೇಳಿದ್ದು ಗಡುವು. ಮಾವ ಕೇಳಿಸಿಕೊಂಡದ್ದು ವಾಯಿದೆ: ಕೇಸಿಗೆ 60 ದಿನ ರಜೆ, ಆಮೇಲೆ ಕರೆದಾಗ ಹೋದರಾಯಿತು. ಶಿಕ್ಷೆಯೇ ರದ್ದಾದ ಮೇಲೆ ಮತ್ತೆ ಕೇಸು ಯಾಕೆ ಅಂತ ನಾನು ಆಮೇಲೆ ಕೇಳಿದೆ. 'ಕೋರ್ಟಿನ ಕೆಲಸ ಅಲ್ವಾ, ಏನಾದರೂ ಕಾಗದಪತ್ರ ಇರುತ್ತದೆ ಅಂದುಕೊಂಡೆ' ಅಂದರು. ಸೊಸೈಟಿಯಲ್ಲಿ ಮೂವತ್ತು ವರ್ಷ ಕೂತ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ಸಾಲ ತೀರಿದ ಮೇಲೂ ನಾವು ಜನರನ್ನು ಎರಡು ಸಲ ಕರೆಸುತ್ತಿದ್ದೆವು.

ಮೂರನೆಯ ಮಾತಿನ ಕಥೆ ಆಮೇಲೆ ಬರುತ್ತದೆ.

60ನೇ ದಿನ ಜೂನ್ 16ಕ್ಕೆ ಬಂತು, ಹೋಯಿತು. ಹಣ ಕೋರ್ಟಿಗೆ ಸೇರಲಿಲ್ಲ. ಆ ಕಡೆಯ ವಕೀಲರು ಸುಮ್ನೆ ಕೂರುವವರಲ್ಲ, ಠೇವಣಿ ಬಂದಿಲ್ಲ ಅಂತ ತೋರಿಸಿ ಕೆಳಗಿನ ಕೋರ್ಟಿನಿಂದ ವಾರಂಟು ಹೊರಡಿಸಿದರು. ಜೂನ್ 27ರ ಬೆಳಿಗ್ಗೆ ಮಳೆ ಬಿಟ್ಟ ಹೊತ್ತಿಗೆ ಮಾವ ತೋಟದಲ್ಲಿ ಮದ್ದು ಬಿಡಿಸುತ್ತಿದ್ದರು. ಮೈಲುತುತ್ತು ಸುಣ್ಣ ಬೆರೆಸಿದ ಡ್ರಮ್ಮಿನ ಹತ್ತಿರ ನಿಂತು, ಮರದ ಮೇಲಿದ್ದವನಿಗೆ ಪೈಪು ಬಿಡುತ್ತಿದ್ದರು. ಇಬ್ಬರು ಪೋಲೀಸರು ಬಂದರು. ಒಳ್ಳೆ ರೀತಿಯಲ್ಲೇ ಮಾತಾಡಿದರು, ನಾಳೆ ಹತ್ತು ಗಂಟೆಗೆ ಕೋರ್ಟಿಗೆ ಬನ್ನಿ, ಬರದಿದ್ದರೆ ನಾವೇ ಕರೆದುಕೊಂಡು ಹೋಗಬೇಕಾಗುತ್ತದೆ ಅಂದರು. ಮಾವ ಅಂಗಿ ಕೂಡ ಬದಲಿಸದೆ ನೇರ ನಮ್ಮಲ್ಲಿಗೆ ಬಂದರು. ಎದೆಯ ಮೇಲೆಲ್ಲ ನೀಲಿ ಹನಿ ಒಣಗಿ ನಿಂತಿತ್ತು. ಹಿಂದಿನಿಂದ ಅತ್ತೆ, ಅವರ ಹಿಂದೆ ಆ ಅಕ್ಕನ ಮಗ.

'ರದ್ದಾದ ಶಿಕ್ಷೆ ಮತ್ತೆ ಹೇಗೆ ಬರುತ್ತದೆ?' ಮಾವನ ಮೊದಲ ಪ್ರಶ್ನೆ ಅದು.

ಆದೇಶದ ಪ್ರತಿ ಅವರ ಹತ್ತಿರವೇ ಇತ್ತು, ಎರಡು ಪುಟ, ಇಂಗ್ಲಿಷಿನಲ್ಲಿ. ಓದಿದೆ. ರದ್ದು ಅನ್ನುವ ಅರ್ಥದ ಶಬ್ದ ಎಲ್ಲೂ ಇರಲಿಲ್ಲ. ನಾನು ಮಾವನಿಗೆ ಸೊಸೈಟಿಯ ಭಾಷೆಯಲ್ಲೇ ಹೇಳಿದೆ. ನಮ್ಮಲ್ಲಿ ಅಮಾನತು ಖಾತೆ ಅಂತ ಒಂದು ಇರುತ್ತಿತ್ತು. ಯಾರ ಹಣ, ಯಾವ ಲೆಕ್ಕಕ್ಕೆ ಅಂತ ತೀರ್ಮಾನ ಆಗದ್ದನ್ನು ಅಲ್ಲಿ ಹಾಕುತ್ತಿದ್ದೆವು. ಹಣ ಹೋಗಿಲ್ಲ, ಸೇರಬೇಕಾದ ಕಡೆ ಸೇರಿಯೂ ಇಲ್ಲ. ಅಮಾನತು ಅನ್ನುವ ಶಬ್ದಕ್ಕೆ ಮೂಲದಲ್ಲಿ ನಂಬಿ ಇಟ್ಟದ್ದು ಅಂತಲೇ ಅರ್ಥ. ಇಟ್ಟದ್ದನ್ನು ಮತ್ತೆ ತೆಗೆಯುವುದಕ್ಕೇ ಇಡುವುದು. ನಿಮ್ಮ ಮೂರು ತಿಂಗಳು ಆ ಖಾತೆಯಲ್ಲಿದೆ. ಮಾವನಿಗೆ ಅರ್ಥವಾಯಿತು, ನನಗೆ ಅದೇ ಹೊತ್ತಿಗೆ ಸಿಟ್ಟೂ ಬಂತು. ಇಷ್ಟು ಚಂದದ ಶಬ್ದ ನಮ್ಮಲ್ಲಿದೆ, ಅದನ್ನು ಒಬ್ಬರೂ ಅವರಿಗೆ ಹೇಳಿರಲಿಲ್ಲ. ನಮ್ಮ ಪೇಪರಿನವರಾದರೂ ಏನು ಮಾಡುತ್ತಾರೆ? ಶಿಕ್ಷೆ ನಿಂತರೂ ತಡೆಯಾಜ್ಞೆ, ಪಕ್ಕದ ಮನೆಯವನು ಗೋಡೆ ಕಟ್ಟುವುದನ್ನು ನಿಲ್ಲಿಸಿದರೂ ತಡೆಯಾಜ್ಞೆ.

ಅಷ್ಟರಲ್ಲಿ ಅಕ್ಕನ ಮಗ ಮೊಬೈಲು ತೆಗೆದ. ರಾಜ್ಯಪಾಲರಿಗೆ ದಯಾ ಅರ್ಜಿ ಹಾಕುವುದು ಅಂತ ಯಾರೋ ಸ್ನೇಹಿತ ಹೇಳಿದ್ದನಂತೆ. ಸಂವಿಧಾನದ 161ನೇ ವಿಧಿಯನ್ನು ಓದಿ ಹೇಳಿದ. ಅದರಲ್ಲಿ ಶಬ್ದಗಳ ಸಾಲೇ ಇದೆ: ಕ್ಷಮಾದಾನ ಕೊಡುವುದು, ಶಿಕ್ಷೆಯನ್ನು ಮುಂದೂಡುವುದು, ಸ್ವಲ್ಪ ಬಿಡುವು ಕೊಡುವುದು, ಒಂದಿಷ್ಟು ಮಾಫಿ ಮಾಡುವುದು, ಅಮಾನತಿನಲ್ಲಿಡುವುದು, ದೊಡ್ಡದನ್ನು ಚಿಕ್ಕದಕ್ಕೆ ಬದಲಿಸುವುದು. ಇದರಲ್ಲಿ ಕ್ಷಮಾದಾನ ಮಾತ್ರ ಅಪರಾಧದ ಕಲೆಯನ್ನೇ ಒರೆಸುತ್ತದೆ. ಮಾಫಿ ಅಂದರೆ ದಿನ ಕಡಿಮೆ, ತೀರ್ಪು ಹಾಗೇ. ಮುಂದೂಡಿಕೆ, ಅಮಾನತು ಎರಡರಲ್ಲೂ ಒಂದು ದಿನವೂ ಕಡಿಮೆಯಾಗುವುದಿಲ್ಲ. ಮಲಯಾಳದ ಪತ್ರಿಕೆಗಳಲ್ಲಿ ಶಿಕ್ಷೆ ಕಡಿಮೆಯಾದರೆ 'ಇಳವ್' ಅಂತ ಬರುತ್ತದೆ. ನಮ್ಮ ಹುಡುಗರು ಯಾವುದೇ ಸುದ್ದಿ ನೋಡಿದರೂ ಇಳವ್ ಸಿಕ್ಕಿತು ಅನ್ನುತ್ತಾರೆ, ಜಾಮೀನು ಸಿಕ್ಕಿದವನಿಗೂ ಅದೇ, ಪೆರೋಲಿನಲ್ಲಿ ಮನೆಗೆ ಬಂದವನಿಗೂ ಅದೇ.

ರಾಜ್ಯಪಾಲರ ದಾರಿ ಬೇಡ ಅಂದೆ. ಅಪೀಲು ಇನ್ನೂ ಕೋರ್ಟಿನಲ್ಲಿದೆ. ಹಳೇ ಉದಾಹರಣೆ ಒಂದಿದೆ, ನಾನಾವತಿ ಕೊಲೆ ಕೇಸು. 1960ರಲ್ಲಿ ಬೊಂಬಾಯಿಯ ರಾಜ್ಯಪಾಲರು ಆ ನೌಕಾಪಡೆಯ ಅಧಿಕಾರಿಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು, ಅವರು ಸುಪ್ರೀಂ ಕೋರ್ಟಿಗೆ ಹೋಗುವುದಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ವಿಷಯ ತನ್ನ ಮುಂದಿರುವಾಗ ಶಿಕ್ಷೆಯನ್ನು ಅಮಾನತಿನಲ್ಲಿಡುವ ಆ ಅಧಿಕಾರ ನಡೆಯುವುದಿಲ್ಲ ಅಂತ ಹೇಳಿತು. ಅಂಥ ದೊಡ್ಡ ಕೇಸಿನಲ್ಲೇ ಹಾಗಾದರೆ ಚೆಕ್ಕಿನ ಕೇಸಿಗೆ ರಾಜಭವನದ ತನಕ ಹೋಗುವುದೆಂದರೆ ದಿನ ಕಳೆಯುವುದು ಅಷ್ಟೇ. ಕನ್ನಡದಲ್ಲಿ ಜಿಲ್ಲಾಧಿಕಾರಿಗೆ ಬರೆಯೋಣವೇ ಅಂತ ಅವನ ಮುಂದಿನ ಸಲಹೆ. ಬರೆಯಬಹುದು, 1969ರ ಕೇರಳದ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಹಕ್ಕು ಇದೆ. ಆದರೆ ಕೋರ್ಟಿನ ವಾರಂಟನ್ನು ಕಲೆಕ್ಟರು ನಿಲ್ಲಿಸಲಾರರು.

'ಒಟ್ಟು 80 ಸಾವಿರ ಹೊಂದಿಸಬೇಕು ಈಗ, ಅದೂ ಇವತ್ತು' ಅಂದೆ.

ಅತ್ತೆ ನನ್ನ ಮುಖ ನೋಡಿದರು. 'ಅದು ಕಟ್ಟಿ ಇಟ್ಟಿದೆಯಲ್ಲ ಅಣ್ಣ.'

'ಎಲ್ಲಿ ಕಟ್ಟಿದ್ದೀರಿ? ರಶೀದಿ ಎಲ್ಲಿ?'

'ರಶೀದಿ ಯಾಕೆ? ದೇವರ ಕೋಣೆಯಲ್ಲಿ ಉಂಟು.'

ಹೋಗಿ ನೋಡಿದೆವು. ಗಣಪತಿಯ ಪಟದ ಹಿಂದೆ, ಬಿಳಿ ಪ್ಲಾಸ್ಟಿಕ್ ಕವರು, ಅದರ ಮೇಲೆ ಒಂದು ಹಳೆ ಬೈರಾಸು (ಟವೆಲು) ಸುತ್ತಿ, ಬಾಳೆನಾರಿನಿಂದ ಎರಡು ಸುತ್ತು ಬಿಗಿದು ಗಂಟು ಹಾಕಿದ್ದರು. ಒಳಗೆ ಐನೂರರ 160 ನೋಟು. ಮೇ ತಿಂಗಳಲ್ಲಿ ಅಡಿಕೆ ಮಾರಿ ಬಂದ ದುಡ್ಡು. 'ಕೆಟ್ಟಿವೆಕ್ಕಣಂ' ಅಂದರೆ ಮಲಯಾಳದಲ್ಲಿ ಠೇವಣಿ ಇಡಬೇಕು, ಕೋರ್ಟಿಗೆ ಕಟ್ಟಬೇಕು. ಮಾವನಿಗೆ ಕೇಳಿಸಿದ್ದು 'ಕಟ್ಟಿ ಇಡಬೇಕು'. ಕಟ್ಟಿ ಇಟ್ಟರು. ಕರೆದಾಗ ಕೊಡೋಣ ಅಂತ ಮಗಳ ಸೀಮಂತಕ್ಕೂ ಅದರಿಂದ ಒಂದು ನೋಟು ತೆಗೆಯಲಿಲ್ಲ.

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಈ ಪ್ರಕರಣ ತಿರುಗಿದ್ದು ಆ ಗಂಟು ಬಿಚ್ಚಿದಾಗ. ಅಲ್ಲಿಯವರೆಗೆ ಇದು ಹಣ ಇಲ್ಲದವನ ಕೇಸು ಅಂತ ನಾವೆಲ್ಲ ಯೋಚಿಸುತ್ತಿದ್ದೆವು, ಇನ್ನು ದಿನ ಇದೆಯೇ ಅನ್ನುವುದೊಂದೇ ಪ್ರಶ್ನೆ ಉಳಿಯಿತು.

ಕ್ಯಾಲೆಂಡರು ಇಳಿಸಿ ಎಣಿಸಿದೆ. ಏಪ್ರಿಲ್ 17ರಿಂದ ಆ ದಿನ 71ನೆಯದು. 148ನೇ ಕಲಮಿನಲ್ಲಿ 60 ದಿನದ ಪಕ್ಕದಲ್ಲೇ ಇನ್ನೊಂದು ಸಾಲು ಇದೆ, ಅದನ್ನು ಅವಸರದಲ್ಲಿ ಯಾರೂ ಓದುವುದಿಲ್ಲ: ಸಾಕಷ್ಟು ಕಾರಣ ತೋರಿಸಿದರೆ ಕೋರ್ಟು ಹೆಚ್ಚೆಂದರೆ ಇನ್ನೂ 30 ದಿನ ಕೊಡಬಹುದು. ಒಟ್ಟು 90. ಜುಲೈ 16ರ ತನಕ ಬಾಗಿಲು ಪೂರ್ತಿ ಮುಚ್ಚಿಲ್ಲ. 19 ದಿನ ಉಂಟು. ರಾತ್ರಿಯೇ ವಕೀಲರ ಮನೆಗೆ ಹೋದೆವು.

ಅಲ್ಲಿ ಎರಡು ವಿಷಯ ತೀರ್ಮಾನ ಆಗಬೇಕಿತ್ತು. ಒಂದು, ಮೊದಲು ಎಲ್ಲಿಗೆ ಹೋಗುವುದು? ಗಂಟು ಹಿಡಿದುಕೊಂಡು ವಾರಂಟು ಹೊರಡಿಸಿದ ಕೋರ್ಟಿನಲ್ಲೇ ಶರಣಾಗುವುದು ಅಂತ ಮಾವ. ಸಹಜವಾಗಿ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಆದರೆ ಗಡುವು ಕೊಟ್ಟದ್ದು ಮೇಲಿನ ಕೋರ್ಟು, ಅದನ್ನು ಕೆಳಗಿನವರು ಉದ್ದ ಮಾಡುವ ಹಾಗಿಲ್ಲ. ಅಲ್ಲಿ ಬರೀ ಹಣ ತೋರಿಸಿದರೆ ಮಾವ ಸಂಜೆಗೆ ಜೈಲಿನಲ್ಲಿ, ಹಣ ಕೈಯಲ್ಲಿ. ಹಾಗಾಗಿ ಮೊದಲು ಸೆಷನ್ಸ್ ಕೋರ್ಟಿಗೆ ಸಮಯ ಕೇಳುವ ಅರ್ಜಿ, ಆಮೇಲೆ ಅದರ ನಂಬರು ಹಿಡಿದುಕೊಂಡು ಕೆಳಗಿನ ಕೋರ್ಟಿನಲ್ಲಿ ಹಾಜರಾಗುವುದು ಅಂತ ಆಯಿತು.

ಎರಡು, ಏನು ಕೇಳುವುದು? 2023ರಲ್ಲಿ ಸುಪ್ರೀಂ ಕೋರ್ಟು ಜಂಬೂ ಭಂಡಾರಿ ಕೇಸಿನಲ್ಲಿ, ಈ 20 ಪಾಲಿನ ಠೇವಣಿ ಕಲ್ಲಿನಲ್ಲಿ ಕೆತ್ತಿದ್ದಲ್ಲ, ವಿಶೇಷ ಸಂದರ್ಭದಲ್ಲಿ ಬಿಡಬಹುದು ಅಂದಿದೆ. ಠೇವಣಿಯೇ ಬೇಡ ಅಂತ ಕೇಳೋಣ ಅಂತ ಅಕ್ಕನ ಮಗ. ವಕೀಲರು ಬೇಡ ಅಂದರು. ಹಣ ಗಂಟಿನಲ್ಲಿದೆ, ಕಾರಣ ಸತ್ಯ ಇದೆ. ಎರಡನ್ನೂ ಕೇಳಿದರೆ ಎರಡೂ ಸುಳ್ಳು ಅನ್ನಿಸುತ್ತದೆ. ನನಗೂ ಅದು ಸರಿ ಅನ್ನಿಸಿತು. ಕಟ್ಟಿ ಇಟ್ಟ ಕಥೆಯನ್ನು ಅಫಿಡವಿಟ್ಟಿನಲ್ಲಿ ಬರೆಯುವುದೋ ಬೇಡವೋ ಅಂತ ಅರ್ಧ ಗಂಟೆ ಚರ್ಚೆ ಆಯಿತು. ಜಡ್ಜು ನಂಬದಿದ್ದರೆ? ಅನಾರೋಗ್ಯ ಅಂತ ಬರೆಯುವುದು ವಾಡಿಕೆ, ಒಂದು ಡಾಕ್ಟರ ಚೀಟಿ ಸಿಕ್ಕರೆ ಸಾಕು. ಮಾವ ಒಪ್ಪಲಿಲ್ಲ. 'ನನಗೆ ಜ್ವರ ಇರಲಿಲ್ಲ' ಅಂದರು. ನಡೆದದ್ದನ್ನೇ ಬರೆದೆವು, ಮೂರು ಮಾತುಗಳನ್ನೂ, ಅವು ಹೇಗೆ ಕೇಳಿಸಿದವು ಅನ್ನುವುದನ್ನೂ.

ಶುಕ್ರವಾರ ಅರ್ಜಿ ಬಿತ್ತು. ಕೆಳಗಿನ ಕೋರ್ಟು ಅದನ್ನು ನೋಡಿ ವಾರಂಟನ್ನು ಸೋಮವಾರದವರೆಗೆ ಹಿಡಿದಿಟ್ಟಿತು. ಸೋಮವಾರ ಅಂದರೆ 2024ರ ಜುಲೈ 1, ದೇಶಕ್ಕೆಲ್ಲ ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬಂದ ದಿನ. ವರಾಂಡದಲ್ಲಿ ವಕೀಲರೆಲ್ಲ ಹೊಸ ಪುಸ್ತಕ ಹಿಡಿದುಕೊಂಡು ನಂಬರು ಹುಡುಕುತ್ತಿದ್ದರು. 389 ಈಗ 430 ಆಗಿದೆ ಅಂತ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. ಬಾಕಿ ಇದ್ದ ಕೇಸುಗಳಿಗೆ ಹಳೆಯದೇ ನಡೆಯುತ್ತದೆ ಅಂತ ತಿಳಿದ ಮೇಲೆ ಮಾವನಿಗೆ ಸಮಾಧಾನ, ಇನ್ನೊಂದು ಹೊಸ ಶಬ್ದ ಕಲಿಯಬೇಕಾಗಿಲ್ಲವಲ್ಲ.

ಎದುರಿನ ವಕೀಲರು ಇದೆಲ್ಲ ಕಟ್ಟುಕಥೆ ಅಂದರು. ಜಡ್ಜು ಮಾವನನ್ನೇ ಮುಂದೆ ಕರೆದು, 'ಪೈಸ ಎವಿಡೆ?', ಹಣ ಎಲ್ಲಿ ಅಂತ ಕೇಳಿದರು. ಮಾವ ಬೈರಾಸಿನ ಗಂಟನ್ನು ಹಾಗೇ ಎತ್ತಿ ತೋರಿಸಿದರು. ಇನ್ನು ಜಾಸ್ತಿ ವಾದ ನಡೆಯಲಿಲ್ಲ. ಒಂದು ವಾರ ಸಮಯ ಸಿಕ್ಕಿತು. 76ನೇ ದಿನ, ಮಂಗಳವಾರ, ಹಣ ಕಟ್ಟಿ ರಶೀದಿ ತಂದರು. ವಾರಂಟು ಹಿಂದೆ ಹೋಯಿತು, ಶಿಕ್ಷೆ ಮತ್ತೆ ಅಮಾನತು ಖಾತೆಗೆ.

ಇಲ್ಲಿ ನನ್ನ ಒಂದು ತಕರಾರು ಇದೆ. ಶಿಕ್ಷೆ ಆದವನು ಕೇಳಿದರೆ, ಸಾಧ್ಯವಿದ್ದ ಕಡೆ ಅವನ ಭಾಷೆಗೇ ತೀರ್ಪನ್ನು ಅನುವಾದಿಸಿ ಕೊಡಬೇಕು ಅಂತ ಕಾನೂನಿನಲ್ಲೇ ಇದೆ, ಅಪೀಲು ಹಾಕಬಹುದಾದ ತೀರ್ಪಾದರೆ ಪುಕ್ಕಟೆ. ಹಳೆಯ ಸಂಹಿತೆಯಲ್ಲಿ 363, ಹೊಸದರಲ್ಲಿ 404. ಅದು ತೀರ್ಪಿಗೆ, ಇಂಥ ಮಧ್ಯದ ಆದೇಶಕ್ಕೆ ಅಲ್ಲ ಅನ್ನಬಹುದು. ಇರಲಿ. ಮಾರ್ಚಿನಲ್ಲೇ ಕನ್ನಡ ಪ್ರತಿ ಕೇಳಿದ್ದರೆ, ಈ ಮನುಷ್ಯನಿಗೆ ಮಲಯಾಳ ಸಾಕಾಗುವುದಿಲ್ಲ ಅಂತ ಎಲ್ಲರಿಗೂ ಆಗಲೇ ಗೊತ್ತಾಗುತ್ತಿತ್ತು. ಕೇಳಲಿಲ್ಲ. ನಾನೂ ಹೇಳಿರಲಿಲ್ಲ, ಮಾರ್ಚಿನಲ್ಲಿ ಅವರು ನನ್ನ ಹತ್ತಿರ ಬಂದಿದ್ದರು. 'ಅಪೀಲು ಹಾಕಿ' ಅಂದು ಕಳಿಸಿದ್ದೆ. ಈಗ ಯಾರಾದರೂ ಕೋರ್ಟಿನಿಂದ 'ಆಯಿತು' ಅಂತ ಖುಷಿಯಲ್ಲಿ ಬಂದರೆ ನಾನು ಮೊದಲು ಕೇಳುವುದು, ನಿಂತದ್ದು ಯಾವ ತಾರೀಕಿನ ತನಕ, ಅದಕ್ಕೆ ಬದಲು ನೀವು ಏನು ಕೊಡಬೇಕು, ಎಲ್ಲಿಗೆ. ಆ ಮೂರನ್ನು ಕನ್ನಡದಲ್ಲಿ ಆದೇಶದ ಹಿಂಬದಿಯಲ್ಲೇ ಬರೆದು ಕೊಡುತ್ತೇನೆ. ಠೇವಣಿ ಅಂತ ಬರೆದು ನಿಲ್ಲಿಸುವುದಿಲ್ಲ, 'ಕೋರ್ಟಿಗೆ ಹೋಗಿ ಹಣ ಕೊಟ್ಟು ರಶೀದಿ ತನ್ನಿ' ಅಂತ ಬರೆಯುತ್ತೇನೆ.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಠೇವಣಿ ಬಿದ್ದದ್ದು ನೋಡಿ ಎದುರಿನವರಿಗೂ ಮಾತಾಡುವ ಮನಸ್ಸಾಯಿತು. ದೀಪಾವಳಿ ಕಳೆದು ರಾಜಿ ಆಯಿತು, ಠೇವಣಿಯ 80 ಸಾವಿರವೂ ಸೇರಿ 3 ಲಕ್ಷದ 40 ಸಾವಿರಕ್ಕೆ. ಚೆಕ್ ಕೇಸನ್ನು ಯಾವ ಹಂತದಲ್ಲೂ ರಾಜಿ ಮಾಡಿಕೊಳ್ಳಬಹುದು, ತಡವಾದಷ್ಟೂ ಖರ್ಚು ಜಾಸ್ತಿ. 2010ರ ಸುಪ್ರೀಂ ಕೋರ್ಟಿನ ಲೆಕ್ಕದ ಪ್ರಕಾರ ಸೆಷನ್ಸ್ ಹಂತದಲ್ಲಿ ಚೆಕ್ಕಿನ ಮೊತ್ತದ ನೂರಕ್ಕೆ 15, ಅಂದರೆ 60 ಸಾವಿರ, ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಬೇಕಿತ್ತು. ವಯಸ್ಸು ನೋಡಿ ಕೋರ್ಟು ಅದನ್ನು ಕಡಿಮೆ ಮಾಡಿತು. 2025ರಲ್ಲಿ ಆ 15ನ್ನು ಸುಪ್ರೀಂ ಕೋರ್ಟು ಏಳೂವರೆಗೆ ಇಳಿಸಿದೆ, ಮಾವನಿಗೆ ಇದನ್ನು ಹೇಳಿಲ್ಲ. ಅಕ್ಕನ ಮಗ ಅರ್ಧ ಹಣ ಕೊಟ್ಟ, ಇನ್ನರ್ಧ ಕೊಡುತ್ತೇನೆ ಅಂದಿದ್ದಾನೆ.

ಕೊನೆಯ ಆದೇಶ ಹಿಡಿದುಕೊಂಡು ಮಾವ ಒಬ್ಬರೇ ಬಂದರು. ಚಾವಡಿಯಲ್ಲಿ ಕೂತರು, ಕಾಗದ ನನ್ನ ಕೈಗೆ ಕೊಟ್ಟರು, ನಾನು ಓದಿ ಮುಗಿಸುವ ತನಕ ಏನೂ ಮಾತಾಡಲಿಲ್ಲ.

'ಇದು ಅಮಾನತೋ?'

'ಅಲ್ಲ ಮಾವ, ಖುಲಾಸೆ. ರಾಜಿ ಆದರೆ ಬಿಡುಗಡೆಯಾದ ಹಾಗೆಯೇ ಲೆಕ್ಕ.'

'ಇದಕ್ಕೆ ಗಡುವು, ವಾಯಿದೆ ಏನೂ ಇಲ್ಲವಲ್ಲ?'

'ಏನೂ ಇಲ್ಲ.'

ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಕಾಗದವನ್ನು ತಿರುಗಿಸಿ ನನ್ನ ಮುಂದೆ ಇಟ್ಟು, ಕಿಸೆಯಿಂದ ಪೆನ್ನು ತೆಗೆದು ಕೊಟ್ಟರು. 'ಹಿಂದೆ ಬರೆದು ಕೊಡು. ಕನ್ನಡದಲ್ಲಿ. ತಾರೀಕು ಹಾಕು.'